ಗಾಳಿ ಒಂದೇ, ಕೈ ನಾಲ್ಕು: ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ನಿಮ್ಮದು ಯಾವುದು?

ಗೆಳೆಯನೊಬ್ಬ ಹೊಸ ಫ್ಲ್ಯಾಟಿಗೆ ಹೋದ. ಹಾಲ್‌ನ ಗೋಡೆ ಖಾಲಿ ಇತ್ತು. "ಆ ಜಪಾನಿನ ಅಲೆ ಚಿತ್ರ ಇದೆಯಲ್ಲೋ, ಅದನ್ನ ಹಾಕೋಣ ಅಂತಿದೀನಿ. ನಾಲ್ಕಡಿ ತಗೊಳ್ಳಲೋ, ಐದಡಿಯೋ?" ಎಂದು ಫೋನ್ ಮಾಡಿದ. ಅಲೆಯೇ ಯಾಕೆ ಎಂದು ನಾನು ತಿರುಗಿ ಕೇಳಿದ್ದೇ ತಪ್ಪಾಯಿತು, ಮಾತು ಮುಕ್ಕಾಲು ಗಂಟೆ ಎಳೆಯಿತು. ಅವನಿಗೆ ಬೇರೆ ಯಾವ ಚಿತ್ರವೂ ಗೊತ್ತಿರಲಿಲ್ಲ, ಅಷ್ಟೇ. ಅವನದೇನೂ ತಪ್ಪಿಲ್ಲ. ಕಾಫಿ ಮಗ್ಗಿನ ಮೇಲೆ, ಟಿ-ಶರ್ಟಿನ ಮೇಲೆ, ಮೊಬೈಲ್ ಕವರಿನ ಮೇಲೆ, 2024ರ ಜುಲೈಯಿಂದ ಜಪಾನಿನ ಸಾವಿರ ಯೆನ್ ನೋಟಿನ ಬೆನ್ನ ಮೇಲೆ ಕೂಡ ಹೊಕುಸಾಯ್‌ನ ಆ ಅಲೆಯೇ ಏಳುತ್ತಿದೆ.

ಅಳತೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಚಿತ್ರ ಅಚ್ಚಾದದ್ದು 'ಓಬಾನ್' ಅಳತೆಯ ಹಾಳೆಯಲ್ಲಿ, ಸುಮಾರು 26 ಸೆಂಟಿಮೀಟರ್‌ಗೆ 38. ನಮ್ಮ ಜೆರಾಕ್ಸ್ ಅಂಗಡಿಯ ಎ3 ಹಾಳೆಗಿಂತ ತುಸು ಚಿಕ್ಕದು. ಗೋಡೆಗೆ ನೇತುಹಾಕುವುದಕ್ಕೆಂದು ಮಾಡಿದ್ದಲ್ಲ, ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದು ನೋಡುವುದಕ್ಕೆ ಮಾಡಿದ್ದು. ಐದಡಿಗೆ ಹಿಗ್ಗಿಸಿದರೆ ಅಲೆಯೇನೋ ದೊಡ್ಡದಾಗುತ್ತದೆ, ಆದರೆ ಗೆರೆಗಳು ಹಗ್ಗದಂತಾಗುತ್ತವೆ.

ಯಾವುದನ್ನು ಆರಿಸಬೇಕು ಎಂಬುದು ಅಷ್ಟು ಸಲೀಸಲ್ಲ. ಸಾಮಾನ್ಯವಾಗಿ ಎಲ್ಲರೂ ಕಲಾವಿದನ ಹೆಸರು ಹಿಡಿದು ಹೊರಡುತ್ತಾರೆ: ಹೊಕುಸಾಯ್ ದೊಡ್ಡವನೋ, ಹಿರೊಶಿಗೆ ದೊಡ್ಡವನೋ ಎಂದು. ನಾನೂ ಹಾಗೇ ಶುರುಮಾಡಿ ಬಹಳ ದಿನ ದಾರಿ ತಪ್ಪಿದ್ದೆ. ಈ ಚಿತ್ರಗಳ ಮಟ್ಟಿಗೆ ಕೇಳಬೇಕಾದದ್ದು ಬೇರೆ: ಇದರಲ್ಲಿ ಯಾರ ಕೈ ನಿಮಗೆ ಹಿಡಿಸುತ್ತಿದೆ?

ನಾಲ್ಕು ಕೈ

'ಉಕಿಯೊ-ಎ' ಎಂದರೆ ತೇಲುವ ಲೋಕದ ಚಿತ್ರ. ಇಂದಿನ ಟೋಕಿಯೊ ಎದೊ ಎಂಬ ಹೆಸರಿನಲ್ಲಿದ್ದಾಗ ಅಲ್ಲಿಯ ವ್ಯಾಪಾರಿಗಳು, ಕಸುಬುದಾರರು, ನಾಟಕದ ಹುಚ್ಚಿನವರು ಕೊಳ್ಳುತ್ತಿದ್ದ ಅಗ್ಗದ ಹಾಳೆಗಳಿವು. ಒಂದು ಹಾಳೆಗೆ ಹೆಚ್ಚುಕಮ್ಮಿ ಒಂದೆರಡು ಬಟ್ಟಲು ಸೋಬಾ ಶಾವಿಗೆಯ ಬೆಲೆ.

ಕೆಲಸ ಶುರುವಾಗುತ್ತಿದ್ದದ್ದು ಪ್ರಕಾಶಕನಿಂದ. ದುಡ್ಡು ಹಾಕುವವನು ಅವನು, ಯಾವ ವಿಷಯ ಈ ವರ್ಷ ಓಡುತ್ತದೆ ಎಂದು ಲೆಕ್ಕ ಹಾಕುವವನೂ ಅವನೇ. ಅವನು ಹೇಳಿದಂತೆ ಚಿತ್ರಕಾರ ತೆಳುಕಾಗದದ ಮೇಲೆ ಮಸಿಯಲ್ಲಿ ಗೆರೆ ಬರೆದುಕೊಡುತ್ತಾನೆ. ಕೆತ್ತುವವನು ಆ ಕಾಗದವನ್ನು ಮಗುಚಿ, ಕಾಡುಚೆರಿ ಮರದ ಹಲಗೆಗೆ ಅಂಟಿಸಿ, ಗೆರೆ ಮಾತ್ರ ಉಳಿಯುವಂತೆ ಸುತ್ತಲಿನ ಮರವನ್ನು ತೆಗೆಯುತ್ತಾನೆ. ಅಂದರೆ ಚಿತ್ರಕಾರನ ಕೈಬರಹ ಅಲ್ಲೇ ಉಳಿಯ ಬಾಯಿಗೆ ಹೋಯಿತು. "ಇದರ ಮೂಲ ಚಿತ್ರ ಯಾವ ಮ್ಯೂಸಿಯಮ್ಮಿನಲ್ಲಿದೆ?" ಎಂದು ಕೇಳುವವರಿಗೆ ಇದೇ ಉತ್ತರ. ಅಚ್ಚಾದ ಪ್ರತಿಗಳೇ ಮೂಲ.

ಗೆರೆಯ ಹಲಗೆಯಿಂದ ತೆಗೆದ ಪ್ರತಿಗಳ ಮೇಲೆ ಬಣ್ಣಗಳನ್ನು ಗುರುತು ಮಾಡಿ, ಬಣ್ಣಬಣ್ಣಕ್ಕೂ ಬೇರೆ ಹಲಗೆ ಕೆತ್ತುತ್ತಾರೆ. ಹಾಳೆ ಪ್ರತಿ ಸಲವೂ ಕೂದಲೆಳೆಯಷ್ಟೂ ಸರಿಯದೆ ಅದೇ ಜಾಗದಲ್ಲಿ ಕೂರಲು ಹಲಗೆಯ ಮೂಲೆಯಲ್ಲೊಂದು, ಅಂಚಿನಲ್ಲೊಂದು ಕಚ್ಚು ಇರುತ್ತದೆ. ಅದಕ್ಕೆ 'ಕೆಂತೊ' ಎನ್ನುತ್ತಾರೆ. ಕೊನೆಯವನು ಅಚ್ಚು ಒತ್ತುವವನು. ನೀರುಬಣ್ಣಕ್ಕೆ ಅಕ್ಕಿಯ ಅಂಟು ಬೆರೆಸಿ ಹಲಗೆಗೆ ಬ್ರಷ್ಷಿನಿಂದ ಬಳಿದು, ತೇವ ಮಾಡಿದ ಹಾಳೆ ಹಾಸಿ, 'ಬಾರೆನ್' ಎಂಬ ಬಿಲ್ಲೆಯಿಂದ ಬೆನ್ನನ್ನು ಉಜ್ಜುತ್ತಾನೆ. ಬಿದಿರಿನ ನಾರನ್ನು ಹೊಸೆದು ಸುರುಳಿ ಸುತ್ತಿ, ಮೇಲೆ ಬಿದಿರಿನ ಪೊರೆ ಹೊದಿಸಿದ ಅಂಗೈಯಗಲದ ಬಿಲ್ಲೆ ಅದು. ಯಂತ್ರವಿಲ್ಲ, ಒತ್ತುವ ಚಕ್ರವಿಲ್ಲ. ಇಷ್ಟು ಉಜ್ಜಿದರೂ ಹರಿಯದ ಆ ಕಾಗದ ಬರುವುದು 'ಕೊಜೊ' ಗಿಡದ ತೊಗಟೆಯ ನಾರಿನಿಂದ. ರಾಮನಗರ, ಶಿಡ್ಲಘಟ್ಟದ ಕಡೆಯವರು ಕೇಳಿ ಖುಷಿಪಡಬೇಕು: ಕೊಜೊ ನಮ್ಮ ಹಿಪ್ಪುನೇರಳೆಯದೇ ಕುಟುಂಬದ ಗಿಡ. ಇಲ್ಲಿ ಎಲೆ ಹುಳುವಿನ ಹೊಟ್ಟೆಗೆ, ಅಲ್ಲಿ ತೊಗಟೆ ಕಾಗದಕ್ಕೆ.

ಈ ನಾಲ್ವರಲ್ಲಿ ಹಾಳೆಯ ಮೇಲೆ ದೊಡ್ಡದಾಗಿ ಹೆಸರು ಉಳಿದದ್ದು ಚಿತ್ರಕಾರನದು ಮಾತ್ರ. ಪ್ರಕಾಶಕನಿಗೊಂದು ಮುದ್ರೆ ದಕ್ಕಿತು. ಇನ್ನಿಬ್ಬರು ಬಹುಪಾಲು ಅನಾಮಿಕರು.

ಒಂದೇ ಗಾಳಿ, ಇಬ್ಬರು

ನಿಮ್ಮ ಕಣ್ಣು ಯಾವ ಕಡೆಯದು ಎಂದು ತಿಳಿಯಲು ನನಗೆ ಗೊತ್ತಿರುವ ಅತ್ಯಂತ ಸುಲಭದ ಪರೀಕ್ಷೆ ಎರಡು ಗಾಳಿಗಳದ್ದು. ಫೋನಿನಲ್ಲೇ ಹುಡುಕಿ ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದು, ಹೊಕುಸಾಯ್‌ನ 'ಸುರುಗಾ ಪ್ರಾಂತದ ಎಜಿರಿ'. ಇನ್ನೊಂದು, ಹಿರೊಶಿಗೆಯ ತೊಕಾಯ್ದೊ ಹೆದ್ದಾರಿಯ ಮಾಲೆಯಲ್ಲಿರುವ 'ಯೊಕ್ಕಾಯ್ಚಿ'.

ಎಜಿರಿಯಲ್ಲಿ ಗದ್ದೆಗಳ ನಡುವೆ ಹಾವಿನಂತೆ ಹೊರಳುವ ದಾರಿ. ದಾರಿಹೋಕರ ಮೇಲೆ ಇದ್ದಕ್ಕಿದ್ದಂತೆ ಗಾಳಿ ನುಗ್ಗಿದೆ. ಒಬ್ಬಳ ಎದೆಯ ಮಡಿಕೆಯಿಂದ ಕಾಗದಗಳು ಕಿತ್ತುಕೊಂಡು ಹೊರಟು ಆಕಾಶದ ತುಂಬ ಹರಡಿವೆ. ಒಬ್ಬನ ಟೋಪಿ ಹಾರಿದೆ. ಎರಡು ಬಡಕಲು ಮರಗಳು ಬಾಗಿ, ಎಲೆಗಳೂ ಕಾಗದಗಳೂ ಒಂದರೊಳಗೊಂದು ಬೆರೆತಿವೆ. ಹಿಂದೆ ಫುಜಿ ಬೆಟ್ಟವಿದೆ. ಬಣ್ಣವಿಲ್ಲ, ನೆರಳಿಲ್ಲ, ಏರಿ ಇಳಿಯುವ ಒಂದೇ ಒಂದು ಗೆರೆ. ಇಷ್ಟು ಗದ್ದಲದಲ್ಲಿ ಅಲುಗದೆ ಇರುವುದು ಆ ಗೆರೆಯೊಂದೇ.

ಯೊಕ್ಕಾಯ್ಚಿಯಲ್ಲಿ ಇಬ್ಬರೇ ಜನ. ಒಬ್ಬ ಉರುಳುವ ಟೋಪಿಯ ಹಿಂದೆ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದಾನೆ. ಇನ್ನೊಬ್ಬ ನಮಗೆ ಬೆನ್ನು ಹಾಕಿ ಹಲಗೆಯ ಸಂಕ ದಾಟುತ್ತಿದ್ದಾನೆ, ಅವನ ಹೊದಿಕೆ ಗಾಳಿಗೆ ಉಬ್ಬಿದೆ. ನಡುವೆ ಒಂದು ವಿಲ್ಲೋ ಮರ, ಸುತ್ತ ಜೌಗು. ಅಷ್ಟೇ. ನೋಡಿದ ಕೂಡಲೇ ಮೊದಲು ಬರುವುದು ನಗು, ಆಮೇಲೆ ಅವನ ಬಗ್ಗೆ ಅಯ್ಯೋ ಪಾಪ ಅನಿಸುತ್ತದೆ.

ಮೊದಲನೆಯದನ್ನು ನೋಡಿ "ಎಂಥಾ ರಚನೆ!" ಅನಿಸಿದರೆ ನೀವು ಗೆರೆಯ ಕಡೆಯವರು, ಹೊಕುಸಾಯ್ ಕಡೆ ನಡೆಯಿರಿ. ಎರಡನೆಯದನ್ನು ನೋಡಿ ನಿಮ್ಮದೇ ಕೊಡೆ ಮಗುಚಿಕೊಂಡ ದಿನ ನೆನಪಾದರೆ ಹಿರೊಶಿಗೆ ನಿಮಗಾಗಿ ಕಾಯುತ್ತಿದ್ದಾನೆ. ಹೊಕುಸಾಯ್ ನಮ್ಮನ್ನು ದೂರ ನಿಲ್ಲಿಸಿ ಬೆರಗುಗೊಳಿಸುತ್ತಾನೆ. ಹಿರೊಶಿಗೆ ಜೊತೆಗೆ ನಡೆಸಿಕೊಂಡು ಹೋಗುತ್ತಾನೆ.

ಹೊಕುಸಾಯ್ ಹೀಗೆ ಗೆರೆಯವನಾಗಲು ಕಾರಣವೂ ಇದೆ. 1760ರಲ್ಲಿ ಹುಟ್ಟಿದ ಅವನು ಹದಿಹರೆಯದಲ್ಲಿ ಕಲಿತದ್ದು ಮರ ಕೆತ್ತುವ ಕೆಲಸ, ಚಿತ್ರಕಲೆಯ ಗುರುವಿನ ಬಳಿಗೆ ಬಂದದ್ದು ಆಮೇಲೆ. ಮರ ಯಾವ ಗೆರೆಗೆ ಒಗ್ಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಬೆರಳಿಗೆ ಗೊತ್ತಿತ್ತು. ಮುದುಕನಾದ ಮೇಲೂ ಎಗಾವಾ ತೊಮೆಕಿಚಿ ಎಂಬ ಕೆತ್ತನೆಗಾರನೇ ತನ್ನ ಪುಸ್ತಕಕ್ಕೆ ಬೇಕು ಎಂದು ಪ್ರಕಾಶಕರಿಗೆ ಪತ್ರ ಬರೆಯುತ್ತಿದ್ದ. ತಾನು ಬರೆಯದ ಕೆಳರೆಪ್ಪೆಗಳನ್ನು ಕೆತ್ತುವವರು ಸೇರಿಸುತ್ತಾರೆ, ಮೂಗನ್ನು ಬೇರೆ ಮನೆತನದ ಶೈಲಿಗೆ ತಿರುಗಿಸುತ್ತಾರೆ ಎಂದು ಸಿಡುಕುತ್ತಿದ್ದ. 'ಫುಜಿ ಬೆಟ್ಟದ ಮೂವತ್ತಾರು ನೋಟಗಳು' ಹೊರಬರಲು ಶುರುವಾದದ್ದು 1830ರ ಸುಮಾರಿಗೆ, ಅವನಿಗೆ ಎಪ್ಪತ್ತು ವರ್ಷವಾಗಿದ್ದಾಗ. ಮಾಲೆ ಚೆನ್ನಾಗಿ ಓಡಿದ್ದರಿಂದ ಪ್ರಕಾಶಕ ಇನ್ನೂ ಹತ್ತು ಬರೆಸಿದ, ಒಟ್ಟು 46 ಆಯಿತು, ಹೆಸರು ಮಾತ್ರ ಮೂವತ್ತಾರೇ ಉಳಿಯಿತು. ಮೊದಲ 36 ಚಿತ್ರಗಳ ಹೊರಗೆರೆ ಕಪ್ಪಲ್ಲ, ನೀಲಿ. ಆಮೇಲೆ ಸೇರಿದ ಹತ್ತಕ್ಕೆ ಕಪ್ಪು. ಆ ನೀಲಿ ಬರ್ಲಿನ್ನಿನಲ್ಲಿ ಕಂಡುಹಿಡಿದ ಬಣ್ಣ, ನಾಗಸಾಕಿ ಬಂದರಿನಿಂದ ಒಳಬಂದದ್ದು. ಜಪಾನೀಯರು ಅದನ್ನು 'ಬೆರೊ-ಆಯ್' ಎಂದು ಕರೆದರು. ಜಗತ್ತು ಅಪ್ಪಟ ಜಪಾನ್ ಎಂದು ಮೆಚ್ಚುವ ಆ ಅಲೆಯ ನೀಲಿ ಹುಟ್ಟಿದ್ದು ಜರ್ಮನಿಯಲ್ಲಿ.

ಗೋಡೆಗೆ ಹೊಕುಸಾಯ್ ಬೇಕು, ಆದರೆ ಅಲೆ ಬೇಡ ಎನ್ನುವವರಿಗೆ ನನ್ನ ಸಲಹೆ ಎಜಿರಿಯೇ. ಸಾವಿರ ಸಲ ನೋಡಿದರೂ ಸವೆಯುವುದಿಲ್ಲ.

ಮಳೆ ಬೇಕಾದವರಿಗೆ

ಹಿರೊಶಿಗೆ (1797–1858) ಎದೊ ಕೋಟೆಯ ಅಗ್ನಿಶಾಮಕ ಕಾವಲಿನ ಸಣ್ಣ ಸಮುರಾಯ್ ಮನೆತನದವನು. ಊರಿನ ಬೆಂಕಿ ಕಾಯುವ ಮನೆಯಲ್ಲಿ ಹುಟ್ಟಿದವನು ಜಗತ್ತಿಗೇ ಮಳೆಯ ಚಿತ್ರಕಾರನಾದ. 1833–34ರ ಸುಮಾರಿಗೆ ಹೊರಬಂದ 'ತೊಕಾಯ್ದೊದ ಐವತ್ತಮೂರು ತಂಗುದಾಣಗಳು' ಮಾಲೆಯಲ್ಲಿ ಎದೊ ಮತ್ತು ಕ್ಯೋಟೊ ಎಂಬ ಎರಡು ತುದಿಗಳೂ ಸೇರಿ 55 ಹಾಳೆ. ಅದರಲ್ಲಿ ಮಲೆನಾಡಿನವರು, ಕರಾವಳಿಯವರು ಮೊದಲು ನೋಡಬೇಕಾದದ್ದು 'ಶೋನೊ'. ಇಳಿಜಾರಿನಲ್ಲಿ ಹಠಾತ್ ಮಳೆ. ಪಲ್ಲಕ್ಕಿ ಹೊತ್ತವರು ಮೇಲಕ್ಕೆ, ಕೊಡೆ ಹಿಡಿದವನು ಕೆಳಕ್ಕೆ ಓಡುತ್ತಿದ್ದಾರೆ. ಹುಲ್ಲಿನ ಮಳೆಹೊದಿಕೆ ಹೊದ್ದ ಒಬ್ಬನಿದ್ದಾನೆ, ನಮ್ಮ ಗೊರಬೆಯ ದೂರದ ನೆಂಟ. ಹಿಂದಿನ ಬಿದಿರುಮೆಳೆಗೆ ಹೊರಗೆರೆಯೇ ಇಲ್ಲ, ಬೂದುಬಣ್ಣದ ಪದರದ ಮೇಲೆ ಪದರ, ಒಂದಕ್ಕಿಂತ ಒಂದು ತಿಳಿ. ಮಳೆಯಲ್ಲಿ ತೋಟದ ಆಚೆಯ ಗುಡ್ಡ ಹೇಗೆ ಕಾಣುತ್ತದೋ ಹಾಗೆ.

ಹಿರೊಶಿಗೆಯ ಚಿತ್ರ ಮೆಚ್ಚುವವರು ಅರಿವಿಲ್ಲದೆ ಮೆಚ್ಚುತ್ತಿರುವುದು ಅಚ್ಚು ಒತ್ತುವವನ ಕೈಯನ್ನು ಎಂದು ನಾನು ಹೇಳುವುದು ಇದಕ್ಕೇ. ಆಕಾಶದಲ್ಲಿ ಕಡುಬಣ್ಣ ಮೆಲ್ಲನೆ ಕರಗಿ ಬಿಳಿಯಾಗುವುದಕ್ಕೆ 'ಬೊಕಾಶಿ' ಎಂದು ಹೆಸರು. ಅದನ್ನು ಕೆತ್ತಲು ಬರುವುದಿಲ್ಲ. ಹಲಗೆಯನ್ನು ಒದ್ದೆ ಮಾಡಿ, ಒಂದು ತುದಿಗೆ ಮಾತ್ರ ಬಣ್ಣವಿಟ್ಟು, ಬ್ರಷ್ಷು ಎಳೆದು ಕರಗಿಸಬೇಕು, ಅದೂ ಹಾಳೆ ಹಾಳೆಗೂ ಹೊಸದಾಗಿ. ಆದ್ದರಿಂದ ಒಂದೇ ಚಿತ್ರದ ಎರಡು ಪ್ರತಿಗಳ ಆಕಾಶ ಪೂರ್ತಿ ಒಂದೇ ಇರುವುದಿಲ್ಲ. ಅವಸರದಲ್ಲಿ ಒತ್ತಿದ ತಡದ ಪ್ರತಿಗಳಲ್ಲಿ ಬೊಕಾಶಿ ಪಟ್ಟಿಯಂತೆ ಮೊಂಡಾಗಿರುತ್ತದೆ, ಕೆಲವೆಡೆ ಇರುವುದೇ ಇಲ್ಲ.

ಶೋನೊದ ಕೊಡೆಯನ್ನು ಹಿಗ್ಗಿಸಿ ನೋಡಿ. ಮೊದಮೊದಲ ಪ್ರತಿಗಳಲ್ಲಿ ಅದರ ಮೇಲೆ ಮಾಲೆಯ ಹೆಸರೂ 'ತಾಕೆನೊಉಚಿ' ಎಂಬ ಪ್ರಕಾಶಕನ ಹೆಸರೂ ಇವೆ. ಸುರಿಯುವ ಮಳೆಯಲ್ಲೂ ಜಾಹೀರಾತು ಬಿಡಲಿಲ್ಲ ಪುಣ್ಯಾತ್ಮ.

ಕೆತ್ತುವವನ ಮಳೆ ನೋಡಬೇಕೆಂದರೆ 1857ರ 'ಓಹಾಶಿ ಸೇತುವೆಯ ಮೇಲೆ ಹಠಾತ್ ಮಳೆ'ಗೆ ಬನ್ನಿ. 'ಎದೊದ ನೂರು ಪ್ರಸಿದ್ಧ ನೋಟಗಳು' ಮಾಲೆಯದು. ಮಳೆಯ ಎಳೆಗಳು ಎರಡು ಓರೆಯಲ್ಲಿ ಒಂದನ್ನೊಂದು ಹಾಯುತ್ತವೆ. ಒಂದೊಂದು ಎಳೆಯೂ ಎರಡೂ ಬದಿಯ ಮರ ತೆಗೆದು ನಿಲ್ಲಿಸಿದ ಏಣು. ಎಲ್ಲಾದರೂ ಉಳಿ ಜಾರಿದರೆ ಮಳೆ ನಿಂತಂತೆ. 1887ರಲ್ಲಿ ವಾನ್ ಗಾಗ್ ಪ್ಯಾರಿಸ್ಸಿನಲ್ಲಿ ಇದನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಅಕ್ಕಪಕ್ಕ ಇಟ್ಟು ನೋಡಿ: ಅವನ ಮಳೆ ದಪ್ಪ, ನದಿ ಕುದಿಯುತ್ತದೆ. ಎರಡೂ ಚೆನ್ನ, ಆದರೆ ಹಿರೊಶಿಗೆಯದರಲ್ಲಿ ಮಾತ್ರ ಮೈ ಒದ್ದೆಯಾಗುತ್ತದೆ.

ಮುಖ ಬೇಕಾದವರಿಗೆ

ಭೂದೃಶ್ಯ ಬೇಸರ ತರಿಸುವವರೂ ಇದ್ದಾರೆ. ಅವರಿಗೆ ಹಿಂದಿನ ತಲೆಮಾರಿನ ಉತಮಾರೊ ಮತ್ತು ಶರಾಕು. ಇಬ್ಬರನ್ನೂ ಬೆಳಕಿಗೆ ತಂದ ಪ್ರಕಾಶಕ ಒಬ್ಬನೇ, ತ್ಸುತಾಯಾ ಜೂಜಬುರೊ. 1791ರಲ್ಲಿ ಸೆನ್ಸಾರಿಗೆ ಸಿಕ್ಕಿ ಅರ್ಧ ಆಸ್ತಿ ಕಳೆದುಕೊಂಡ ಮನುಷ್ಯ. ಸುಮ್ಮನೆ ಕೂರಲಿಲ್ಲ, ಎದೆಯಿಂದ ಮೇಲಷ್ಟೇ ತೋರಿಸುವ ದೊಡ್ಡ ಮುಖಗಳ ಚಿತ್ರಗಳಿಗೆ ದುಡ್ಡು ಹಾಕಿದ. ಹಿನ್ನೆಲೆಗೆ ಅಭ್ರಕದ ಪುಡಿ. ಹಾಳೆ ಓರೆ ಮಾಡಿದರೆ ಬೆಳ್ಳಿಯಂತೆ ಮಿನುಗುವ ಆ ಹೊಳಪು ಪೋಸ್ಟರಿನಲ್ಲೂ ಫೋನಿನಲ್ಲೂ ಬರುವುದೇ ಇಲ್ಲ, ಬರೀ ಬೂದುಬಣ್ಣವಾಗಿ ಕೂರುತ್ತದೆ. ಹಾಗಾಗಿ ಉತಮಾರೊನ ಪೋಸ್ಟರ್ ಕೊಳ್ಳಬೇಡಿ ಎಂದು ನಾನು ಖಡಾಖಂಡಿತ ಹೇಳುತ್ತೇನೆ.

ಉತಮಾರೊನಲ್ಲಿ ನೋಡಬೇಕಾದದ್ದು ಹಣೆಯಂಚಿನ ಕೂದಲು. ಆ ಎಳೆಗಳನ್ನು ಕೆತ್ತುವ ಕೆಲಸ ಅಂಗಡಿಯ ಹಿರಿಯ ಕೆತ್ತನೆಗಾರನದೇ, ಹುಡುಗರ ಕೈಗೆ ಕೊಡುತ್ತಿರಲಿಲ್ಲ. 1793ರ ಸುಮಾರಿನ 'ಈ ಕಾಲದ ಮೂವರು ಚೆಲುವೆಯರು' ನೋಡಿದರೆ ಮೊದಲಿಗೆ ಮೂರೂ ಒಂದೇ ಮುಖ ಅನಿಸುತ್ತದೆ. ಎರಡು ನಿಮಿಷ ಬಿಟ್ಟರೆ ಒಬ್ಬಳ ಮೂಗು ಬಾಗಿದ್ದು, ಇನ್ನೊಬ್ಬಳ ಗಲ್ಲ ದುಂಡಗಿರುವುದು ಕಾಣತೊಡಗುತ್ತದೆ. ಅವರಲ್ಲಿಬ್ಬರು ಚಹಾ ಅಂಗಡಿ, ತಿಂಡಿ ಅಂಗಡಿಗಳಿಂದ ಊರಿಗೆಲ್ಲ ಹೆಸರಾದ ಹುಡುಗಿಯರು. 1804ರಲ್ಲಿ ಹಿದೆಯೊಶಿ ಎಂಬ ಹಳೆಯ ದೊರೆಯನ್ನು ಚಿತ್ರಿಸಿದ್ದಕ್ಕೆ ಉತಮಾರೊನಿಗೆ 50 ದಿನ ಕೈಕೋಳ ಹಾಕಿಸಿದರು. ಎರಡು ವರ್ಷಕ್ಕೆ ತೀರಿಕೊಂಡ.

ಶರಾಕು ಪೂರ್ತಿ ತದ್ವಿರುದ್ಧ. 1794ರಲ್ಲಿ ಕಬುಕಿ ಎಂಬ ಜನಪ್ರಿಯ ನಾಟಕದ ನಟರ 28 ಮುಖಗಳೊಂದಿಗೆ ದಿಢೀರನೆ ಬಂದ, ಸುಮಾರು ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ ಮಾಡಿ ಮಾಯವಾದ. ಆವಾ ಸಂಸ್ಥಾನದ, 'ನೋ' ಎಂಬ ಹಳೆಯ ಬಗೆಯ ನಾಟಕದ ನಟನೊಬ್ಬನೇ ಅವನೆಂದು ಇಂದು ಹೆಚ್ಚಿನವರು ಒಪ್ಪುತ್ತಾರೆ. ಅವನ ನಟರು ಚೆಂದವಿಲ್ಲ. ಹೆಣ್ಣುವೇಷದ ಒಳಗಿನ ಮುದಿಗಂಡಸಿನ ದವಡೆ ಕಾಣುತ್ತದೆ, ಕಣ್ಣು ಕಿರಿದು, ಬಾಯಿ ಸೊಟ್ಟ. ವೇಷ, ವೇಷದೊಳಗಿನ ಮನುಷ್ಯ ಎರಡೂ ಒಟ್ಟಿಗೆ. ಚೌಕಿಯಲ್ಲಿ ಕೂತು ಬಣ್ಣ ಬಳಿದುಕೊಳ್ಳುವ ಯಕ್ಷಗಾನದ ವೇಷಧಾರಿಯನ್ನು ಹತ್ತಿರದಿಂದ ನೋಡಿದವರಿಗೆ ಈ ಮುಖಗಳು ತಟ್ಟನೆ ಅರ್ಥವಾಗುತ್ತವೆ. ಉಳಿದವರು ಮೊದಲ ದಿನ ಮುಖ ತಿರುಗಿಸುತ್ತಾರೆ, ಅದೂ ಸರಿಯೇ. ಮಲಗುವ ಕೋಣೆಗೆ ಮಾತ್ರ ಬೇಡ.

ಇವರಿಗೂ ಮುಂಚಿನ ಹರುನೊಬುವನ್ನು ಬಿಡುವುದು ಅನ್ಯಾಯ. 1765ರಲ್ಲಿ ಶ್ರೀಮಂತ ಕವಿಗಳ ಕೂಟಗಳಿಗಾಗಿ ಮಾಡಿದ ಕ್ಯಾಲೆಂಡರ್ ಚಿತ್ರಗಳಿಂದ ಬಹುಬಣ್ಣದ ಅಚ್ಚು ಹೊರಟದ್ದು ಅವನ ಕೈಯಲ್ಲೇ. ಆ ವರ್ಷದ ದೊಡ್ಡ ತಿಂಗಳು ಯಾವುವು, ಸಣ್ಣವು ಯಾವುವು ಎಂಬ ಅಂಕೆಗಳನ್ನು ಸೆರಗಿನ ವಿನ್ಯಾಸದಲ್ಲಿ, ನಡುಕಟ್ಟಿನಲ್ಲಿ ಬಚ್ಚಿಟ್ಟ ಚಿತ್ರಗಳವು. ಬಣ್ಣವಿಲ್ಲದೆ ಬರೀ ಒತ್ತಿ ಉಬ್ಬಿಸಿದ ಹಿಮ, ಬಟ್ಟೆಯ ನೇಯ್ಗೆ ಅವನ ಹಾಳೆಗಳ ಗುಟ್ಟು. ಅದನ್ನು ಓರೆಬೆಳಕಿನಲ್ಲಿ ಕಂಡರೇ ಕಾಣುವುದು.

ಮಕ್ಕಳ ಕೋಣೆಗೆ, ಕಾಮಿಕ್ಸ್ ಓದಿ ಬೆಳೆದವರಿಗೆ ಕುನಿಯೊಶಿ. ಮೂರು ಹಾಳೆ ಅಗಲದ ಅಸ್ಥಿಪಂಜರ, ಮೈತುಂಬ ಹಚ್ಚೆಯ ವೀರರು, ಮತ್ತು ಬೆಕ್ಕುಗಳು. 1842ರಲ್ಲಿ ಸರ್ಕಾರ ನಟರ ಚಿತ್ರಗಳನ್ನು ನಿಷೇಧಿಸಿದಾಗ ನಟರ ಮುಖವನ್ನು ಬೆಕ್ಕುಗಳಿಗೆ ಅಂಟಿಸಿ ಮಾರಿದ ಕಿಲಾಡಿ. ಅವನ ಶಿಷ್ಯ ಯೊಶಿತೊಶಿಯ 'ಚಂದ್ರನ ನೂರು ರೂಪಗಳು' (1885–92) ಕಥೆ ಇಷ್ಟಪಡುವವರಿಗೆ. ಒಂದೊಂದು ಹಾಳೆಯ ಹಿಂದೆ ಒಂದು ಕಥೆ, ಕಥೆ ತಿಳಿಯದಿದ್ದರೂ ಚಂದ್ರ ಇದ್ದಾನೆ.

ಇಪ್ಪತ್ತನೆಯ ಶತಮಾನ: ನಾಲ್ಕು ಕೈ ಬೇಕೋ, ಒಂದೇ ಕೈ ಸಾಕೋ

ಫೋಟೊ, ಲಿಥೊ ಬಂದು ಹಳೆಯ ಅಂಗಡಿಗಳು ಮುಚ್ಚುತ್ತಾ ಹೋದ ಮೇಲೆ ಕಸುಬು ಎರಡು ಹೋಳಾಯಿತು. ಈ ಎರಡರ ನಡುವಿನ ಆಯ್ಕೆ ಹೊಕುಸಾಯ್-ಹಿರೊಶಿಗೆ ಆಯ್ಕೆಗಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ.

ಒಂದು ಕಡೆ 'ಶಿನ್-ಹಾಂಗಾ', ಹೊಸ ಅಚ್ಚು. ಪ್ರಕಾಶಕ ವತಾನಬೆ ಶೊಜಬುರೊ ಹಳೆಯ ನಾಲ್ಕು ಕೈಗಳ ಪದ್ಧತಿಯನ್ನೇ ಮತ್ತೆ ಕಟ್ಟಿದ, ಬೆಳಕು ನೆರಳು ಪಶ್ಚಿಮದಿಂದ ತಂದ. ಅವನ ದೊಡ್ಡ ಕಲಾವಿದ ಕವಾಸೆ ಹಸುಯಿ (1883–1957). ಊರೂರು ಸುತ್ತಿ ಸ್ಕೆಚ್ ಮಾಡಿ ಸುಮಾರು 600 ಅಚ್ಚುಚಿತ್ರಗಳಿಗೆ ಕಾರಣನಾದವನು. 1923ರ ಭೂಕಂಪದ ಬೆಂಕಿಯಲ್ಲಿ ವತಾನಬೆಯ ಹಲಗೆಗಳೂ ದಾಸ್ತಾನೂ ಹಸುಯಿಯ ಸ್ಕೆಚ್ ಪುಸ್ತಕಗಳೂ ಬೂದಿಯಾದವು, ಹಾಗಾಗಿ ಅದಕ್ಕೆ ಮುಂಚಿನ ಪ್ರತಿಗಳು ಅಪರೂಪ. 1925ರ 'ಶಿಬಾದ ಜೋಜೋಜಿ' ಅವನ ಅತ್ಯಂತ ಜನಪ್ರಿಯ ಚಿತ್ರ: ಕೆಂಪು ದ್ವಾರ, ಬೀಳುವ ಹಿಮ, ಕೊಡೆಯೊಳಗೆ ಮುದುಡಿದ ಒಬ್ಬಳು. ಹಿರೊಶಿಗೆ ಇಷ್ಟವಾದವರಿಗೆ ಹಸುಯಿ ಕಣ್ಣುಮುಚ್ಚಿ ಒಪ್ಪಿಗೆ. ಒಂದೇ ತಕರಾರು: ಅವನ ಜಪಾನಿನಲ್ಲಿ ಯಾರೂ ಟೋಪಿಯ ಹಿಂದೆ ಓಡುವುದಿಲ್ಲ. ಎಲ್ಲ ಶಾಂತ, ಎಲ್ಲ ಒಂಟಿ. ಹತ್ತು ನೋಡಿದ ಮೇಲೆ ಹಿರೊಶಿಗೆಯ ಗದ್ದಲ ಬೇಕೆನಿಸುತ್ತದೆ.

ಯೊಶಿದಾ ಹಿರೊಶಿ (1876–1950) ನಮಗೆ ಇನ್ನೂ ಹತ್ತಿರದವನು. 1930ರ ಕೊನೆಗೆ ಮಗನನ್ನು ಕರೆದುಕೊಂಡು ಭಾರತಕ್ಕೆ ಬಂದ. ತಾಜ್ ಮಹಲನ್ನು ಬೆಳಗಿನ ಮಂಜಿನಲ್ಲಿ, ಬೆಳದಿಂಗಳಲ್ಲಿ, ಕಾಶಿಯ ಘಾಟನ್ನು, ಉದಯಪುರವನ್ನು, ಅಜಂತಾ, ಎಲ್ಲೋರಾ, ಮದುರೆಯ ದೇಗುಲವನ್ನು, ಕಾಂಚನಜುಂಗಾವನ್ನು ಅಚ್ಚಿಗಿಳಿಸಿದ. ಕರ್ನಾಟಕದ ಯಾವ ಜಾಗವೂ ಆ ಮಾಲೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹಂಪಿಯ ಬಂಡೆಗಳ ಮೇಲೆ ಅವನ ಬೊಕಾಶಿ ಹೇಗಿರುತ್ತಿತ್ತು ಎಂದು ಆಗಾಗ ಅಂದುಕೊಳ್ಳುತ್ತೇನೆ. ಜಪಾನಿನ ಚಿತ್ರ ಮನೆಯಲ್ಲಿ ಹಿರಿಯರಿಗೆ ಒಗ್ಗುವುದಿಲ್ಲ ಎಂಬ ಆತಂಕವಿದ್ದರೆ ಯೊಶಿದಾನ ಕಾಶಿಯಿಂದ ಆರಂಭಿಸಿ. ಒಂದೇ ಹಲಗೆಗಳಿಂದ ಬಣ್ಣ ಬದಲಿಸಿ ಬೆಳಗು, ಮಧ್ಯಾಹ್ನ, ಮಂಜು, ರಾತ್ರಿ ಮಾಡುವುದರಲ್ಲಿ ಅವನು ನಿಸ್ಸೀಮ. 1926ರ ಹಾಯಿದೋಣಿಗಳ ಸರಣಿ ನೋಡಿ.

ಇನ್ನೊಂದು ಕಡೆ 'ಸೊಸಾಕು-ಹಾಂಗಾ'. ತಾನೇ ಬರೆ, ತಾನೇ ಕೆತ್ತು, ತಾನೇ ಒತ್ತು ಎಂದವರು. 1904ರಲ್ಲಿ ಯಮಾಮೊತೊ ಕನಾಯೆಯ 'ಮೀನುಗಾರ'ದಿಂದ ಈ ಹಾದಿ ತೆರೆಯಿತು ಎನ್ನುತ್ತಾರೆ. ಇದರ ಶಿಖರ ನನ್ನ ಮಟ್ಟಿಗೆ ಮುನಾಕಾತಾ ಶಿಕೊ. ಅವೊಮೊರಿಯ ಕಮ್ಮಾರನ ಮಗ, ಕಣ್ಣು ಮಂಜು. ಹಲಗೆಗೆ ಮೂಗು ತಾಗುವಷ್ಟು ಬಗ್ಗಿ, ಉಳಿಯನ್ನು ಪಟಪಟನೆ ಓಡಿಸುತ್ತಿದ್ದ. 1939ರಲ್ಲಿ ಬುದ್ಧನ ಹತ್ತು ಶಿಷ್ಯರನ್ನು ಸುಮಾರು ಒಂದು ಮೀಟರ್ ಎತ್ತರದ ಹಲಗೆಗಳಲ್ಲಿ ಕಡಿದ. ಶಾರಿಪುತ್ರ, ಆನಂದ, ಮಹಾಕಾಶ್ಯಪ ಎಲ್ಲ ಬರೀ ಕಪ್ಪು ಬಿಳುಪಿನಲ್ಲಿ, ಚೌಕಟ್ಟಿಗೆ ತಲೆ ತಾಗಿಸಿಕೊಂಡು ನಿಂತಿದ್ದಾರೆ. 1956ರಲ್ಲಿ ವೆನಿಸ್ ಬಿಯೆನ್ನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಅಚ್ಚುಕಲೆಯ ಮಹಾ ಬಹುಮಾನ ಅವನಿಗೆ ಬಂತು. ಇಲ್ಲಿ ನಯವಿಲ್ಲ. ಉಳಿಯ ಏಟು ಏಟಾಗಿಯೇ ಕಾಣುತ್ತದೆ. ಕಸುಬಿನ ನಾಜೂಕು ಬೇಕೆಂದರೆ ಹಸುಯಿ, ಒಬ್ಬ ಮನುಷ್ಯನ ಉಸಿರು ಬೇಕೆಂದರೆ ಮುನಾಕಾತಾ. ಎರಡನ್ನೂ ಒಂದೇ ಗೋಡೆಗೆ ಹಾಕಬೇಡಿ, ಹಸುಯಿ ಪಾಪ ಕ್ಯಾಲೆಂಡರ್ ಚಿತ್ರದಂತೆ ಕಂಡುಬಿಡುತ್ತಾನೆ.

ಹಳೆಯ ಪ್ರತಿಯೋ, ಮರುಕೆತ್ತನೆಯೋ, ಪೋಸ್ಟರೋ

ಮೂರು ದಾರಿ ಇದೆ. ಆ ಕಾಲದ್ದೇ ಪ್ರತಿ ಬೇಕೆಂದರೆ ಅಲೆಯ ಆಸೆ ಬಿಡಿ. 2023ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಪ್ರತಿ 27 ಲಕ್ಷ ಡಾಲರ್ ದಾಟಿತು. ಆದರೆ ಆ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ಮಾರಾಟವಾಗುತ್ತಿದ್ದ ಕುನಿಸಾಡಾನ ನಟರ ಬಿಡಿಹಾಳೆಗಳು ಇಂದಿಗೂ ಹೋಲಿಕೆಯಲ್ಲಿ ಅಗ್ಗ. ಹಳೆಯದನ್ನು ಕೈಯಲ್ಲಿ ಹಿಡಿಯುವ ಸುಖ ಬೇಕೆಂದರೆ ಅದೇ ಬಾಗಿಲು. ಕೊಳ್ಳುವಾಗ 'ಹಳೆಯದು' ಎಂಬ ಮಾತಿಗೆ ಮರುಳಾಗಬೇಡಿ, ಅದೇ ಹಲಗೆಯ ಎಷ್ಟನೆಯ ಸುತ್ತಿನ ಪ್ರತಿ ಎಂಬುದು ಮುಖ್ಯ. ಹೊಕುಸಾಯ್‌ನ 'ಕೆಂಪು ಫುಜಿ'ಯ ತೀರಾ ಮೊದಲ ಪ್ರತಿಗಳು ಕೆಂಪೇ ಅಲ್ಲ, ಬೆಳಗಿನ ತಿಳಿಗುಲಾಬಿ. ಇಟ್ಟಿಗೆಗೆಂಪು ಆಮೇಲೆ ಬಂದದ್ದು. ಹಲಗೆ ಸವೆದಂತೆ ಗೆರೆಗಳು ತುಂಡಾಗುತ್ತವೆ. ಅಲೆಯ ಪ್ರತಿಗಳನ್ನು ತಜ್ಞರು ಹೋಲಿಸುವುದೇ ಶೀರ್ಷಿಕೆಯ ಚೌಕದ ಗೆರೆ ಎಷ್ಟು ಮುರಿದಿದೆ ಎಂದು ನೋಡಿ. ಯೊಶಿದಾ ಕೊಳ್ಳುವವರು ಎಡ ಅಂಚಿನ 'ಜಿಜುರಿ' (ಎಂದರೆ ತಾನೇ ಒತ್ತಿದ್ದು) ಮುದ್ರೆ, ಪೆನ್ಸಿಲಿನ ಸಹಿ ನೋಡಬೇಕು. ಅವನು ಸತ್ತ ಮೇಲೆ ಮನೆಯವರು ಒತ್ತಿಸಿದ ಪ್ರತಿಗಳೂ ಇವೆ, ಅದು ಮೋಸವಲ್ಲ, ಬೆಲೆ ಮಾತ್ರ ಬೇರೆ.

ಎರಡನೆಯದು ಮರುಕೆತ್ತನೆ. ಟೋಕಿಯೊದ ಅದಾಚಿಯಂಥ ಕಾರ್ಯಾಗಾರಗಳಲ್ಲಿ ಇಂದಿಗೂ ಚೆರಿ ಹಲಗೆಯಲ್ಲಿ ಹೊಸದಾಗಿ ಕೆತ್ತಿ, ಕೊಜೊ ಕಾಗದದ ಮೇಲೆ ಬಾರೆನ್ನಿನಿಂದ ಒತ್ತಿದ ಹೊಕುಸಾಯ್, ಹಿರೊಶಿಗೆ, ಉತಮಾರೊ ಸಿಗುತ್ತಾರೆ. ಸಂಗ್ರಾಹಕರಲ್ಲಿ ಕೆಲವರು ಮೂಗು ಮುರಿಯುತ್ತಾರೆ. ನಾನಂತೂ ಹೆಚ್ಚಿನವರಿಗೆ ಹೇಳುವುದು ಇದನ್ನೇ. ಇನ್ನೂರು ವರ್ಷದ ಹಿಂದೆ ಎದೊದ ಅಂಗಡಿಯಲ್ಲಿ ಗಿರಾಕಿ ಕಂಡ ಬಣ್ಣ ಇಂದು ಇಲ್ಲಿ ಮಾತ್ರ ಕಾಣುವುದು, ಮಾಸಿದ ಹಳೆಯ ಪ್ರತಿಯಲ್ಲಲ್ಲ. ನಾಲ್ಕು ಕೈಗಳಲ್ಲಿ ಮೂರು ಈಗಲೂ ಬದುಕಿರುವವರದು.

ಮೂರನೆಯದು ಪೋಸ್ಟರ್. ತಪ್ಪೇನಿಲ್ಲ, ಆದರೆ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗಳು ದೊಡ್ಡ ಕಡತಗಳನ್ನೇ ಉಚಿತವಾಗಿ ಕೊಡುತ್ತವೆ. ಒಳ್ಳೆಯ ಮ್ಯಾಟ್ ಕಾಗದದ ಮೇಲೆ ಎ3 ಅಳತೆಗೆ ಮಾಡಿಸಿದರೆ ಮೂಲದ ಅಳತೆಯೂ ಸರಿಹೋಗುತ್ತದೆ. ಹೊಳಪಿನ ಕಾಗದ, ಕ್ಯಾನ್ವಾಸ್ ಎರಡೂ ಬೇಡ.

ಕೈಯಲ್ಲಿ ಒತ್ತಿದ್ದೋ, ಯಂತ್ರದ್ದೋ ಎಂದು ತಿಳಿಯಲು ಭೂತಗನ್ನಡಿ ಸಾಕು. ಬಣ್ಣ ಚುಕ್ಕಿಚುಕ್ಕಿಯಾಗಿ ಒಡೆದರೆ ಆಫ್‌ಸೆಟ್. ಹಾಳೆಯ ಬೆನ್ನು ತಿರುಗಿಸಿ. ಕೈಯಚ್ಚಾದರೆ ಬಣ್ಣ ಒಳಗಿಳಿದು ಹಿಂದೆಯೂ ಮಸುಕಾಗಿ ಕಾಣುತ್ತದೆ, ಬಾರೆನ್ ಸುತ್ತಿದ ಗುರುತೂ ಇರಬಹುದು. ಚೌಕಟ್ಟಿನಿಂದ ತೆಗೆದು ಬೆನ್ನು ತೋರಿಸಲು ಮಾರುವವರು ಹಿಂಜರಿದರೆ ಚಹಾ ಕುಡಿದು ಎದ್ದುಬನ್ನಿ. ಒಮ್ಮೆ ನಾನು ಸಂಕೋಚಕ್ಕೆ ಬಿದ್ದು ಕೇಳಲಿಲ್ಲ. ಮನೆಗೆ ಬಂದು ಬಿಚ್ಚಿ ನೋಡಿದರೆ ಹಿಂದೆ ಕ್ಯಾಲೆಂಡರಿನ ತಾರೀಖುಗಳಿದ್ದವು.

ಗೋಡೆಗೆ ಹಾಕುವ ಮುಂಚೆ

ಈ ಬಣ್ಣಗಳಿಗೆ ಬೆಳಕೇ ಶತ್ರು. ಕುಸುಬೆ ಹೂವಿನ ಕೆಂಪು, ಹೂವಿನಿಂದ ತೆಗೆದ ಹಳೆಯ ನೀಲಿ ಮೊದಲು ಹೋಗುತ್ತವೆ. ಹರುನೊಬುವಿನ ಎಷ್ಟೋ ನೇರಳೆ ಇಂದು ಕಂದು. ಮ್ಯೂಸಿಯಂಗಳು ಮಂದ ಬೆಳಕಿನಲ್ಲಿ ಕೆಲವು ವಾರ ತೋರಿಸಿ ಮತ್ತೆ ಪೆಟ್ಟಿಗೆಗೆ ಹಾಕುತ್ತವೆ. ಬಿಸಿಲು ಬೀಳುವ ಗೋಡೆ, ಅಡುಗೆಮನೆಯ ಪಕ್ಕದ ಗೋಡೆ ಬೇಡ. ಸೆಲ್ಲೊಟೇಪು ಹಚ್ಚಿಸಲೇಬೇಡಿ, ಹಿಂದಿನ ರಟ್ಟು ಆಮ್ಲರಹಿತವಾಗಿರಲಿ, ಗಾಜಿಗೂ ಹಾಳೆಗೂ ನಡುವೆ ಮೌಂಟಿನಷ್ಟು ಸಂದು ಇರಲಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಬೂಷ್ಟಿನ ಮೇಲೆ ಒಂದು ಕಣ್ಣಿಡಬೇಕು.

ಗೆಳೆಯ ಕೊನೆಗೆ ಕೊಂಡದ್ದು ಅಲೆಯನ್ನೇ, ಎ3ರಲ್ಲಿ. ಹೆಂಡತಿಗೆ ನೀಲಿ ಸೋಫಾಗೆ ಅದೇ ಹೊಂದುತ್ತದಂತೆ. ನಮ್ಮ ಮನೆಯಲ್ಲಿರುವುದು ಶೋನೊದ ಮರುಕೆತ್ತನೆ. ಬೆಂಗಳೂರಿನ ಬೇಸಿಗೆಯ ಬೆಳಕಿಗೆ ಹೆದರಿ ಅದನ್ನು ಜೂನಿನಲ್ಲಿ, ಮೋಡ ಕಟ್ಟಿದ ಮೇಲೆ ಹೊರಗೆ ತೆಗೆಯುತ್ತೇನೆ. ದಸರೆಯ ಹೊತ್ತಿಗೆ ಗೊಂಬೆಗಳು ಅಟ್ಟದಿಂದ ಇಳಿಯುವಾಗ ಅದು ಒಳಗೆ ಹೋಗುತ್ತದೆ.